ಮೆಲುಕು ನಿಲ್ಲಿಸಿದ ಮೇಕೆ, ಕುರಿ: ಹೊಟ್ಟೆಯಲ್ಲಿ ಏನು ಕೆಟ್ಟಿದೆ ಅಂತ ಪತ್ತೆ ಮಾಡುವುದು ಹೇಗೆ

ಮೇಕೆ ಮೇವು ಬಿಟ್ಟಿತು ಅಂದ ಕೂಡಲೇ ಬಹಳ ಜನ ಮೆಡಿಕಲ್ ಶಾಪಿಗೆ ಓಡುತ್ತಾರೆ. ಒಂದು ಜಂತಿನ ಔಷಧಿ, ಒಂದು ಆ್ಯಂಟಿಬಯಾಟಿಕ್ ಗುಳಿಗೆ, ಒಂದು ಹಸಿವಿನ ಪುಡಿ ತಂದು ಮೂರನ್ನೂ ಒಟ್ಟಿಗೆ ಕುಡಿಸಿಬಿಡುತ್ತಾರೆ. ಮೇಕೆ ಎದ್ದು ನಿಂತರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗಲ್ಲ. ಇನ್ನೂ ಕೆಟ್ಟರೆ ಯಾವುದು ಕೆಡಿಸಿತು ಅನ್ನುವುದೂ ಗೊತ್ತಾಗಲ್ಲ.

ಬಾಯಿಗೆ ಹಾಕುವ ಆ್ಯಂಟಿಬಯಾಟಿಕ್ ಗುಳಿಗೆ ವಿಷಯದಲ್ಲಿ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮೇವು ತಿನ್ನುವ ವಯಸ್ಸಿನ ಮೇಕೆ, ಕುರಿಗೆ ಡಾಕ್ಟರ್ ಹೇಳದೆ ಅದನ್ನು ಕೊಡಬೇಡಿ. ಮೇಕೆ ಹುಲ್ಲು ತಿಂದು ಬದುಕುವುದಲ್ಲ. ಹುಲ್ಲನ್ನು ಅದರ ಮೊದಲ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ತಿನ್ನುತ್ತವೆ, ಅವು ಬಿಡುವ ಆಮ್ಲಗಳನ್ನೂ ಕೊನೆಗೆ ಆ ಬ್ಯಾಕ್ಟೀರಿಯಾಗಳನ್ನೂ ಜೀರ್ಣಿಸಿಕೊಂಡು ಮೇಕೆ ಬದುಕುತ್ತದೆ. ರೂಮೆನ್ ಅಂತ ಕರೆಯುವ ಆ ಹೊಟ್ಟೆಯ ಒಂದೇ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಜೊತೆಗೆ ಲಕ್ಷಗಟ್ಟಲೆ ಪ್ರೊಟೊಜೋವಾ, ಅಂದರೆ ಓಡಾಡುವ ಏಕಕೋಶ ಜೀವಿಗಳು. ಒರಟು ಕಡ್ಡಿಯನ್ನು ಸೀಳುವ ಶಿಲೀಂಧ್ರಗಳೂ ಇವೆ. ಇವು ಶಿಲೀಂಧ್ರ ಅನ್ನುವುದೇ ಜಗತ್ತಿಗೆ ಖಚಿತವಾಗಿದ್ದು 1975ರಲ್ಲಿ, ಕಾಲಿನ್ ಆರ್ಪಿನ್ ಅನ್ನುವ ವಿಜ್ಞಾನಿ ಕುರಿಯ ಹೊಟ್ಟೆಯ ರಸ ನೋಡುತ್ತಿದ್ದಾಗ. ಅಲ್ಲಿಯವರೆಗೆ ಅವನ್ನೂ ಪ್ರೊಟೊಜೋವಾ ಅಂದುಕೊಂಡಿದ್ದರು. ಗುಳಿಗೆ ನೇರ ಈ ಜಾಗಕ್ಕೇ ಹೋಗಿ ಬೀಳುತ್ತದೆ. ಕಾಯಿಲೆ ಇನ್ನೆಲ್ಲೋ ಇರುತ್ತದೆ, ಸಾಯುವುದು ಮಾತ್ರ ಅಡುಗೆ ಮಾಡಿ ಹಾಕುವವರು.

ಸರಿ, ಈಗ ಪತ್ತೆ ಕೆಲಸ.

ಮೊದಲು ಕೇಳಬೇಕಾದ್ದು: ಮೇವಿನಲ್ಲಿ ಏನು ಬದಲಾಯಿತು?

ನಿನ್ನೆ ಏನು ತಿಂದಿತು ಅನ್ನುವುದು ಸಾಲದು. ಹಿಂದಿನ ಎರಡು ವಾರ ಏನೇನು ಬದಲಾಯಿತು ಅಂತ ಕೇಳಿ. ಮನೆಯವರನ್ನೆಲ್ಲ ಕೇಳಿ, ಮಕ್ಕಳನ್ನೂ ಬಿಡಬೇಡಿ, ಅಜ್ಜಿಯನ್ನು ಬಿಡಲೇಬೇಡಿ. "ಏನೂ ಹಾಕಿಲ್ಲ, ದಿನಾ ಹಾಕೋದೇ ಹಾಕಿದ್ದು" ಅಂತಲೇ ಶುರುವಾಗುತ್ತದೆ. ಆಮೇಲೆ ಒಂದೊಂದೇ ಹೊರಗೆ ಬರುತ್ತದೆ: ಮದುವೆ ಮನೆಯಲ್ಲಿ ಉಳಿದ ಅನ್ನ, ಮೂಟೆ ಹರಿದು ಚೆಲ್ಲಿದ ಮೆಕ್ಕೆಜೋಳ, ಕಟಾವಾದ ಹೊಲದಲ್ಲಿ ಬಿದ್ದಿದ್ದ ಜೋಳದ ತೆನೆ, ಮೊದಲ ಮಳೆಗೆ ಚಿಗುರಿದ ಹುಲ್ಲು, ಪಕ್ಕದ ಮನೆಯವರು ಪಾಪ ಅಂತ ತಂದು ಹಾಕಿದ ಹಲಸಿನ ತೊಳೆ. ಟಗರು ಸಾಕುವವರಾದರೆ ಬಕ್ರೀದ್ ಹತ್ತಿರ ಬಂತು ಅಂತ ಕಾಳು ದಿಢೀರ್ ಜಾಸ್ತಿ ಮಾಡಿರುತ್ತಾರೆ.

ಇದನ್ನೇ ಮೊದಲು ಕೇಳುವುದಕ್ಕೆ ಕಾರಣ ಇದೆ. ನಾರು ಒಡೆಯುವ ಬ್ಯಾಕ್ಟೀರಿಯಾ ಬೇರೆ, ಪಿಷ್ಟ ಒಡೆಯುವವು ಬೇರೆ. ದಿನಾ ರಾಗಿ ಹುಲ್ಲು, ಸೊಪ್ಪು ತಿನ್ನುವ ಮೇಕೆಯಲ್ಲಿ ನಾರಿನ ಗುಂಪು ದೊಡ್ಡದಿರುತ್ತದೆ, ಪಿಷ್ಟದ ಗುಂಪು ಚಿಕ್ಕದು. ಮೇವು ಬದಲಾದರೆ ಈ ಲೆಕ್ಕವೂ ಬದಲಾಗಬೇಕು, ಅದಕ್ಕೆ ಎರಡು ವಾರವಾದರೂ ಬೇಕು, ಕೆಲವೊಮ್ಮೆ ಮೂರು. ಅಷ್ಟು ಟೈಮ್ ಕೊಡದೆ ಒಂದೇ ದಿನಕ್ಕೆ ಕಾಳು ಸುರಿದರೆ ಏನಾಗುತ್ತದೆ ಅಂತ ಮುಂದೆ ನೋಡೋಣ.

"ನಾಟಿ ತಳಿ, ಏನು ತಿಂದರೂ ಅರಗಿಸಿಕೊಳ್ಳುತ್ತೆ"

ಈ ಮಾತು ಎಲ್ಲ ಕಡೆ ಕೇಳುತ್ತೇವೆ. ಅರ್ಧ ನಿಜ. ಡೆಕ್ಕನಿ, ಕೆಂಗುರಿ ಕುರಿಗಳು ಬೇಸಿಗೆಯಲ್ಲಿ ಒಣಗಿದ ಕಸಕಡ್ಡಿ ತಿಂದು ಮೈಲಿಗಟ್ಟಲೆ ನಡೆಯುತ್ತವೆ. ನಂದಿದುರ್ಗ ಮೇಕೆ, ಬೀದರಿ ಮೇಕೆ ಜಾಲಿ ಸೊಪ್ಪು, ಬೋರೆ ಸೊಪ್ಪು ತಿಂದು ಬೆಳೆಯುತ್ತವೆ. ಆದರೆ ಆ ತಾಕತ್ತು ಪೂರ್ತಿ ರಕ್ತದಲ್ಲಿ ಬಂದಿದ್ದಲ್ಲ. ದೊಡ್ಡ ಪಾಲು ಹೊಟ್ಟೆಯ ಬ್ಯಾಕ್ಟೀರಿಯಾದ್ದು. ಆ ಬ್ಯಾಕ್ಟೀರಿಯಾ ಬಂದಿರುವುದು ತಾಯಿಯಿಂದ, ಹಿಂಡಿನಿಂದ, ಆ ಜಾಗದ ಮೇವಿನಿಂದ.

ಇದಕ್ಕೆ ಗಟ್ಟಿ ಸಾಕ್ಷಿ ಸುಬಾಬುಲ್ ಕಥೆ. ಸುಬಾಬುಲ್ ಸೊಪ್ಪಿನಲ್ಲಿ ಮೈಮೋಸಿನ್ ಅನ್ನುವ ವಿಷ ಇದೆ. ಜಾಸ್ತಿ ತಿಂದರೆ ಕೂದಲು ಉದುರುತ್ತದೆ, ಹೊಟ್ಟೆಯಲ್ಲಿ ಅದು ಡಿಎಚ್‌ಪಿ ಅನ್ನುವ ಇನ್ನೊಂದು ವಸ್ತುವಾಗಿ ಥೈರಾಯ್ಡ್ ಕೆಡಿಸಿ ಗಂಟಲ ಗಡ್ಡೆ ಬರಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಇದು ದೊಡ್ಡ ತಲೆನೋವಾಗಿತ್ತು. ಹವಾಯಿಯ ಮೇಕೆಗಳು ಮಾತ್ರ ಅದೇ ಸೊಪ್ಪನ್ನು ಹೊಟ್ಟೆ ತುಂಬ ತಿಂದು ಆರಾಮಾಗಿದ್ದವು. ರೇಮಂಡ್ ಜೋನ್ಸ್ ಅನ್ನುವ ಆಸ್ಟ್ರೇಲಿಯಾದ ವಿಜ್ಞಾನಿ 1980ರ ದಶಕದಲ್ಲಿ ಇದರ ಹಿಂದೆ ಬಿದ್ದರು. ವ್ಯತ್ಯಾಸ ಮೇಕೆಯಲ್ಲಿಲ್ಲ, ಅದರ ಹೊಟ್ಟೆಯ ಒಂದು ಬ್ಯಾಕ್ಟೀರಿಯಾದಲ್ಲಿದೆ ಅಂತ ತೋರಿಸಿಕೊಟ್ಟರು. ಹೊಟ್ಟೆಯ ರಸದ ಮೂಲಕ ಆ ಬ್ಯಾಕ್ಟೀರಿಯಾ ಕೊಟ್ಟ ಮೇಲೆ ಆಸ್ಟ್ರೇಲಿಯಾದ ಪ್ರಾಣಿಗಳೂ ವಿಷ ಅರಗಿಸಿಕೊಂಡವು. 1992ರಲ್ಲಿ ಅದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಅವರ ಹೆಸರನ್ನೇ ಇಟ್ಟರು.

ಇದರಿಂದ ನಮಗೆ ಸಿಗುವ ಕೆಲಸದ ಮಾತು ಇಷ್ಟು. ಬಾಗಲಕೋಟೆ ಕಡೆಯ ಸಂತೆಯಲ್ಲಿ ಕೊಂಡ ಕುರಿ ಶೇಂಗಾ ಹೊಟ್ಟು, ಜೋಳದ ಕಣಿಕೆ ಅರಗಿಸುವ ಬ್ಯಾಕ್ಟೀರಿಯಾ ಹೊತ್ತುಕೊಂಡು ಬಂದಿರುತ್ತದೆ. ಅದನ್ನು ಬೆಂಗಳೂರಿನ ಹತ್ತಿರದ ಶೆಡ್ಡಿಗೆ ತಂದು ಮರುದಿನವೇ ಸೂಪರ್ ನೇಪಿಯರ್, ಕುದುರೆ ಮೆಂತೆ, ಪೆಲೆಟ್ ಹಾಕಿದರೆ ತಳಿ ಎಷ್ಟೇ ನಾಟಿಯಾದರೂ ಹೊಟ್ಟೆ ಕೆಡುತ್ತದೆ. ಶೆಡ್ ಸಾಕಾಣಿಕೆ ಶುರು ಮಾಡಿದವರಲ್ಲಿ ಮೊದಲ ತಿಂಗಳಲ್ಲೇ ಕುರಿ ಸಾಯುವುದಕ್ಕೆ ಪಿಪಿಆರ್ ಅನ್ನುವ ಅಂಟು ವೈರಸ್ ಕಾಯಿಲೆ ಒಂದು ಕಾರಣ, ನ್ಯುಮೋನಿಯಾ ಒಂದು, ಇದು ಇನ್ನೊಂದು. ಇದನ್ನು ಯಾರೂ ಲೆಕ್ಕಕ್ಕೇ ತಗೊಳಲ್ಲ. ಕುರಿ ಮಾರಿದವರನ್ನು ಬೈಯುತ್ತಾರೆ ಅಷ್ಟೇ. ಕೊಳ್ಳುವಾಗ "ಇಲ್ಲಿ ಏನು ಮೇಯುತ್ತಿತ್ತು?" ಅಂತ ಕೇಳಿ, ಆಗುವುದಾದರೆ ಅದೇ ಮೇವು ಒಂದಷ್ಟು ಮೂಟೆ ಗಾಡಿಗೆ ಹಾಕಿಸಿಕೊಂಡು ಬನ್ನಿ.

ಕೈಯಿಂದ, ಕಿವಿಯಿಂದ, ಮೂಗಿನಿಂದ ಪರೀಕ್ಷೆ

ಪ್ರಾಣಿಯ ಎಡಗಡೆ ನಿಂತುಕೊಳ್ಳಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ಗುಂಡಿ ಇರುತ್ತದೆ. ಅಲ್ಲಿ ಮುಷ್ಟಿ ಒತ್ತಿ ಹಿಡಿದು ಸುಮ್ನೆ ನಿಂತುಬಿಡಿ. ಎರಡು ನಿಮಿಷ ಅಲ್ಲಾಡಬೇಡಿ. ಚೆನ್ನಾಗಿರುವ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಉರುಳಿ ಬಂದು ನಿಮ್ಮ ಮುಷ್ಟಿಯನ್ನು ಎತ್ತುತ್ತದೆ. ಕಿವಿ ಇಟ್ಟರೆ ದೂರದ ಗುಡುಗಿನಂಥ ಸದ್ದು ಬರುತ್ತದೆ. ಮೊದಲು ಆರೋಗ್ಯವಾಗಿರುವ ನಿಮ್ಮದೇ ಮೇಕೆ ಮೇಲೆ ಇದನ್ನು ಅಭ್ಯಾಸ ಮಾಡಿಕೊಳ್ಳಿ, ಇಲ್ಲದಿದ್ದರೆ ಕೆಟ್ಟಿದ್ದು ಯಾವುದು ಅಂತ ಕೈಗೆ ತಿಳಿಯಲ್ಲ.

ಮುಷ್ಟಿಗೆ ಏನು ಸಿಕ್ಕಿತು ಅನ್ನುವುದರ ಮೇಲೆ ದಾರಿ ಕವಲೊಡೆಯುತ್ತದೆ.

ನಾದಿದ ಹಿಟ್ಟಿನ ಹಾಗೆ ಒತ್ತಿದ ಗುರುತು ಅಲ್ಲೇ ಉಳಿದರೆ, ಮೇವು ಒಳಗೆ ಕಟ್ಟಿಕೊಂಡಿದೆ. ನೀರು ಕಡಿಮೆಯಾಗಿರಬಹುದು, ಬರೀ ಒಣ ಕಡ್ಡಿ ತಿಂದಿರಬಹುದು. ಬಳ್ಳಾರಿ ಜಾಲಿ ಕಾಯಿ ಜಾಸ್ತಿ ತಿಂದರೂ ಹೀಗಾಗುತ್ತದೆ.

ಒತ್ತಿ ಬಿಟ್ಟರೆ ಒಳಗೆ ನೀರು ತುಂಬಿದ ಚೀಲ ಅಲ್ಲಾಡಿದ ಹಾಗೆ ಕುಳುಕುಳು ಅಂದರೆ, ಹೊಟ್ಟೆ ಹುಳಿಯಾಗಿರುವ ಸಾಧ್ಯತೆ ಜಾಸ್ತಿ.

ಬಿಗಿಯಾಗಿ ಉಬ್ಬಿ, ಬೆರಳಲ್ಲಿ ತಟ್ಟಿದರೆ ತಮಟೆ ಸದ್ದು ಬಂದರೆ ಉಬ್ಬರ.

ಉಬ್ಬೂ ಇಲ್ಲ, ನೀರೂ ಇಲ್ಲ, ಹೊಟ್ಟೆ ಒಳಗೆ ಬಿದ್ದಿದೆ, ಚಲನೆ ಮಂದ. ಆಗ ತೊಂದರೆ ಬೇರೆ ಕಡೆ ಇರಬಹುದು: ಜಂತು, ಜ್ವರ, ಬಾಯಿ ಹುಣ್ಣು, ಹಲ್ಲು.

ಆಮೇಲೆ ಥರ್ಮಾಮೀಟರ್. ಗುದದಲ್ಲಿ ಇಟ್ಟು ನೋಡಿ, 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸಾಮಾನ್ಯ. ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದಿದ್ದರೆ ಸ್ವಲ್ಪ ಜಾಸ್ತಿ ಬರುತ್ತದೆ, ಗಾಬರಿ ಬೇಡ. 105 ಇದೆ, ಮೂಗು ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಜೊತೆಗೆ ಭೇದಿ ಅಂದರೆ ಅದು ಪಿಪಿಆರ್ ಇರಬಹುದು. ಇದು ಬ್ಯಾಕ್ಟೀರಿಯಾದ್ದಲ್ಲ, ವೈರಸ್. ಆ ಪ್ರಾಣಿಯನ್ನು ಬೇರೆ ಕಟ್ಟಿ, ಇಲ್ಲಿ ಓದುವುದು ನಿಲ್ಲಿಸಿ, 1962ಕ್ಕೆ ಫೋನ್ ಮಾಡಿ. ಅದು ಪಶು ಆಂಬುಲೆನ್ಸ್ ಸಹಾಯವಾಣಿ.

ಹಿಕ್ಕೆ ನೋಡಿ. ಗುಂಡುಗುಂಡಾಗಿ, ಹೊಳಪಾಗಿ ಬಿಡಿಬಿಡಿಯಾಗಿದ್ದರೆ ಒಳ್ಳೆಯದು. ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ಶುರುವಾಗಿದೆ ಅಂತ. ಬೂದು ಬಣ್ಣದ ನೀರು ಭೇದಿ, ಹುಳಿ ವಾಸನೆ, ಅದರಲ್ಲಿ ಒಡೆಯದ ಕಾಳು ಕಾಣಿಸಿದರೆ ಕಾಳು ತಿಂದಿಲ್ಲ ಅಂತ ಯಾರು ಆಣೆ ಹಾಕಿದರೂ ನಂಬಬೇಡಿ.

ಹುಳಿಯಾದ ಹೊಟ್ಟೆ

ನಮ್ಮ ಕಡೆ ಜಾಸ್ತಿ ಕೊಲ್ಲುವುದು ಇದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾಳು, ಅನ್ನ, ಬೆಲ್ಲದ ನೀರು, ಮಾಗಿದ ಹಣ್ಣು ಒಟ್ಟಿಗೆ ಒಳಗೆ ಹೋದಾಗ ಸ್ಟ್ರೆಪ್ಟೊಕಾಕಸ್ ಬೋವಿಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಬಹಳ ಬೇಗ ಬೆಳೆಯುವ ಜಾತಿ ಅದು. ಪಿಷ್ಟ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಎಂದಿನ ದಿನಗಳಲ್ಲಿ ಆ ಆಮ್ಲವನ್ನು ತಿಂದುಹಾಕುವ ಮೆಗಾಸ್ಫೇರಾದಂಥ ಬೇರೆ ಬ್ಯಾಕ್ಟೀರಿಯಾ ಇರುತ್ತವೆ, ಆದರೆ ಅವು ಇಷ್ಟು ಬೇಗ ಹೆಚ್ಚಲಾರವು. ಹುಳಿ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹೊಟ್ಟೆಯ ಪಿಎಚ್ ಸಾಮಾನ್ಯವಾಗಿ 6ರಿಂದ 7ರ ಒಳಗೆ ಇರಬೇಕು. ಅದು 5.5ಕ್ಕೆ, ಆಮೇಲೆ 5ಕ್ಕಿಂತ ಕೆಳಗೆ ಬೀಳುತ್ತದೆ. ನಾರು ತಿನ್ನುವ ಬ್ಯಾಕ್ಟೀರಿಯಾ, ಪ್ರೊಟೊಜೋವಾ ಎಲ್ಲ ಸಾಯುತ್ತವೆ. ಹುಳಿಯನ್ನೇ ಇಷ್ಟಪಡುವ ಲ್ಯಾಕ್ಟೊಬ್ಯಾಸಿಲಸ್ ಬಂದು ಕೂರುತ್ತದೆ, ಇನ್ನೂ ಹುಳಿಯಾಗುತ್ತದೆ. ಅಷ್ಟು ಆಮ್ಲ ಒಳಗೆ ಸೇರಿದಾಗ ರಕ್ತದ ನೀರು ಹೊಟ್ಟೆಗೆ ಸೆಳೆದುಕೊಳ್ಳುತ್ತದೆ. ಮುಷ್ಟಿಗೆ ಸಿಕ್ಕ ಕುಳುಕುಳು ನೀರು ಅದೇ. ಹೊಟ್ಟೆ ತುಂಬ ನೀರು, ಮೈಯಲ್ಲಿ ನೀರಿಲ್ಲ. ಕಣ್ಣು ಗುಳಿಬೀಳುತ್ತದೆ, ಕತ್ತಿನ ಚರ್ಮ ಎತ್ತಿ ಬಿಟ್ಟರೆ ಹಾಗೇ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಕುಡಿದವರ ಹಾಗೆ ತೂರಾಡುತ್ತದೆ.

ಖಚಿತ ಮಾಡಿಕೊಳ್ಳುವ ದಾರಿ ಪಿಎಚ್ ಪಟ್ಟಿ. ಡಾಕ್ಟರ್ ನಳಿಗೆ ಹಾಕಿ ಹೊಟ್ಟೆಯ ರಸ ತೆಗೆದಾಗ ಒಂದು ಪಟ್ಟಿ ಅದ್ದಿ ನೋಡಲು ಕೇಳಿ. ಮೊದಲು ಬರುವ ರಸದಲ್ಲಿ ಜೊಲ್ಲು ಸೇರಿರುತ್ತದೆ, ಜೊಲ್ಲು ಕ್ಷಾರ, ಅದು ಪಿಎಚ್ ಜಾಸ್ತಿ ತೋರಿಸುತ್ತದೆ. ಹಾಗಾಗಿ ಮೊದಲಿನದನ್ನು ಚೆಲ್ಲಿ ಆಮೇಲಿನದರಲ್ಲಿ ನೋಡಬೇಕು. ಆ ರಸವನ್ನು ಮೂಸಿಯೂ ನೋಡಿ. ಸರಿ ಇರುವ ರಸ ಹಸಿರೋ ಕಂದೋ ಇರುತ್ತದೆ, ಗಮ್ಮನೆ ಹುಲ್ಲಿನ ವಾಸನೆ. ಹುಳಿಯಾಗಿದ್ದು ಹಾಲು ಬೆರೆತ ಬೂದು ಬಣ್ಣ, ಮೂಗಿಗೆ ಚುಚ್ಚುವ ಹುಳಿ. ಒಂದು ತೊಟ್ಟು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚೆನ್ನಾಗಿರುವ ರಸದಲ್ಲಿ ಪ್ರೊಟೊಜೋವಾ ಜಾತ್ರೆಯ ಜನದ ಹಾಗೆ ಗಿಜಿಗುಟ್ಟುತ್ತವೆ. ಹುಳಿಯಾದದ್ದರಲ್ಲಿ ಒಂದೂ ಅಲ್ಲಾಡಲ್ಲ. ದೊಡ್ಡವು ಮೊದಲು ಸಾಯುತ್ತವೆ.

ಇನ್ನೊಂದು ಚೆಂದದ ಪರೀಕ್ಷೆ ಇದೆ, ಲ್ಯಾಬಿನಲ್ಲಿ ಮಾಡುವಂಥದ್ದು. ರಸಕ್ಕೆ ಮೆಥಿಲೀನ್ ಬ್ಲೂ ನೀಲಿ ಬಣ್ಣ ಸ್ವಲ್ಪ ಹಾಕಿ ಬಿಡುತ್ತಾರೆ. ಬ್ಯಾಕ್ಟೀರಿಯಾ ಚುರುಕಾಗಿದ್ದರೆ ಮೂರರಿಂದ ಆರು ನಿಮಿಷದೊಳಗೆ ನೀಲಿ ಮಾಯ. ಕಾಲು ಗಂಟೆಯಾದರೂ ನೀಲಿ ಹಾಗೇ ಇದ್ದರೆ ಒಳಗೆ ಕೆಲಸ ಮಾಡುವವರಿಲ್ಲ ಅಂತ ಅರ್ಥ.

ಡಾಕ್ಟರ್ ಬರುವ ತನಕ: ಕಾಳು, ಅನ್ನ, ಹಿಂಡಿ ಎಲ್ಲ ಬಂದ್. ಅಡುಗೆ ಸೋಡಾ ಕೆಜಿ ತೂಕಕ್ಕೆ ಅರ್ಧದಿಂದ ಒಂದು ಗ್ರಾಂ ಲೆಕ್ಕ, ಅಂದರೆ 25 ಕೆಜಿ ಮೇಕೆಗೆ ಸುಮಾರು 12ರಿಂದ 25 ಗ್ರಾಂ, ಉಗುರು ಬೆಚ್ಚಗಿನ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಿ. ತಲೆ ಮೇಲಕ್ಕೆ ಎತ್ತಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನೆಲಕ್ಕೆ ಬಿದ್ದು ಕತ್ತು ಎತ್ತಲಾಗದ ಪ್ರಾಣಿಗೆ ಬಾಯಿಂದ ಏನೂ ಹಾಕಬೇಡಿ. ಒಣ ಹುಲ್ಲು ಮುಂದಿಡಿ, ಅಗಿದಷ್ಟೂ ಜೊಲ್ಲು ಬರುತ್ತದೆ, ಜೊಲ್ಲೇ ಅದರ ಸ್ವಂತ ಸೋಡಾ. ಮಜ್ಜಿಗೆ, ಹುಣಸೆ ರಸ, ನಿಂಬೆ ಬೇಡ. ತಂಪು ಅಂತ ಮಜ್ಜಿಗೆ ಕುಡಿಸುವ ರೂಢಿ ಇದೆ, ಆದರೆ ಲ್ಯಾಕ್ಟಿಕ್ ಆಮ್ಲದಿಂದಲೇ ಸಾಯುತ್ತಿರುವ ಪ್ರಾಣಿಗೆ ಇನ್ನಷ್ಟು ಲ್ಯಾಕ್ಟಿಕ್ ಆಮ್ಲ ಕೊಡುವುದು ಯಾವ ನ್ಯಾಯ? ತೂರಾಡುವ, ಕುರುಡಾದ ಹಾಗೆ ಗೋಡೆಗೆ ತಲೆ ಒತ್ತಿ ನಿಲ್ಲುವ ಪ್ರಾಣಿಗೆ ಬಿ1 ವಿಟಮಿನ್ ಇಂಜೆಕ್ಷನ್ ಬೇಕಾಗುತ್ತದೆ. ಆ ವಿಟಮಿನ್ ತಯಾರಿಸುತ್ತಿದ್ದದ್ದೂ ಹೊಟ್ಟೆಯ ಬ್ಯಾಕ್ಟೀರಿಯಾಗಳೇ. ರಕ್ತಕ್ಕೆ ಡ್ರಿಪ್ ಬೇಕೋ, ಹೊಟ್ಟೆ ತೊಳೆಯಬೇಕೋ ಅನ್ನುವುದು ಡಾಕ್ಟರ್ ತೀರ್ಮಾನ.

ಉಬ್ಬಿದ್ದೆಲ್ಲ ಒಂದೇ ಅಲ್ಲ

ನಾನು ನೋಡಿದಂತೆ ಗೊಂದಲ ಜಾಸ್ತಿ ಆಗುವುದು ಇಲ್ಲಿ. ಯೂರಿಯಾ ತಿಂದ ಪ್ರಾಣಿಯೂ ಉಬ್ಬುತ್ತದೆ, ನಡುಗುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಗೊಬ್ಬರ ಕಲಸಿದ ಬಕೆಟ್, ಡ್ರಿಪ್ ಟ್ಯಾಂಕಿನ ನೀರು ಕುಡಿದಿರುತ್ತದೆ. ಅಲ್ಲಿ ನಡೆಯುವುದು ಹುಳಿಯಾದ ಹೊಟ್ಟೆಗೆ ಪೂರ್ತಿ ಉಲ್ಟಾ. ಬ್ಯಾಕ್ಟೀರಿಯಾ ಯೂರಿಯಾ ಒಡೆದು ಅಮೋನಿಯಾ ಮಾಡುತ್ತವೆ, ಪಿಎಚ್ ಮೇಲಕ್ಕೆ ಹೋಗುತ್ತದೆ, ರಸ ಮೂಸಿದರೆ ಕೊಟ್ಟಿಗೆಯ ಹಳೇ ಗಂಜಲದ ಘಾಟು. ಇದಕ್ಕೆ ವಿನೆಗರ್, ತಣ್ಣೀರು ಬೇಕು, ಸೋಡಾ ಕೊಟ್ಟರೆ ಬೇಗ ಸಾಯುತ್ತದೆ. ಒಂದೇ ಥರ ಕಾಣುವ ಎರಡು ತೊಂದರೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಹಾಗಾಗಿ ಏನು ತಿಂದಿತು ಅಂತ ಗೊತ್ತಾಗದೆ ಬಾಟಲಿ ಎತ್ತಬೇಡಿ.

ಇನ್ನು ಬರೀ ಗಾಳಿಯ ಉಬ್ಬರ. ಅದರಲ್ಲೂ ಎರಡು. ಹಸಿ ಕುದುರೆ ಮೆಂತೆ, ಅಲಸಂದೆ ಬಳ್ಳಿ, ಇಬ್ಬನಿ ಹಿಡಿದ ಎಳೆ ಸೊಪ್ಪು ತಿಂದಾಗ ಗಾಳಿ ನೊರೆಯಾಗಿ ಸಿಕ್ಕಿಕೊಳ್ಳುತ್ತದೆ, ತೇಗಿದರೂ ಹೊರಬರಲ್ಲ. 50ರಿಂದ 100 ಮಿಲಿ ಅಡುಗೆ ಎಣ್ಣೆ ಕುಡಿಸಿದರೆ ನೊರೆ ಒಡೆಯುತ್ತದೆ. ಇನ್ನೊಂದು, ಗಂಟಲಲ್ಲಿ ಮಾವಿನ ಓಟೆಯೋ ಗೆಣಸಿನ ತುಂಡೋ ಸಿಕ್ಕಿ ಗಾಳಿ ಹೊರಗೆ ಹೋಗದೆ ಉಬ್ಬುವುದು. ನಳಿಗೆ ಹಾಕಿದ ತಕ್ಷಣ ಬುಸ್ ಅಂತ ಗಾಳಿ ಬಂದು ಹೊಟ್ಟೆ ಇಳಿದರೆ ಇದು, ನೊರೆ ಮಾತ್ರ ಬಂದು ಇಳಿಯದಿದ್ದರೆ ಮೊದಲಿನದು. ಎರಡಕ್ಕೂ ಮುಂಗಾಲು ಎತ್ತರದಲ್ಲಿಟ್ಟು ನಿಲ್ಲಿಸಿ, ಬಾಯಿಗೆ ಅಡ್ಡ ಬೇವಿನ ಕಡ್ಡಿ ಕಟ್ಟಿ, ಎಡಪಕ್ಕೆ ನೀವಿ. ಯಾರೋ ಹೇಳಿದರು ಅಂತ ಚಾಕು ಚುಚ್ಚಲು ಹೋಗಬೇಡಿ. ಉಸಿರು ನಿಲ್ಲುವ ಹಂತದಲ್ಲಿ, ಬೇರೆ ದಾರಿ ಇಲ್ಲದಾಗ, ಜಾಗ ಗೊತ್ತಿರುವವರು ಮಾತ್ರ ಮಾಡುವ ಕೆಲಸ ಅದು.

ಊರಿನ ಬೀದಿಯಲ್ಲಿ ಮೇಯುವ ಮೇಕೆ ವಾರಕ್ಕೊಮ್ಮೆ ಉಬ್ಬುತ್ತದೆ, ಮದ್ದು ಕೊಟ್ಟರೆ ಇಳಿಯುತ್ತದೆ, ಮತ್ತೆ ಉಬ್ಬುತ್ತದೆ, ಸೊರಗುತ್ತಾ ಹೋಗುತ್ತದೆ ಅಂದರೆ ಪ್ಲಾಸ್ಟಿಕ್ ಅನುಮಾನ ಪಡಿ. ಅದನ್ನು ಒಡೆಯುವ ಬ್ಯಾಕ್ಟೀರಿಯಾ ಮೇಕೆ ಹೊಟ್ಟೆಯಲ್ಲಿಲ್ಲ. ಆಪರೇಷನ್ ಒಂದೇ ದಾರಿ.

ಎಳೆ ಜೋಳದ ಪೈರು ತಿಂದು ಅರ್ಧ ಗಂಟೆಯಲ್ಲೇ ಏದುಸಿರು ಬಂದು ಬಿದ್ದರೆ ಅದು ಸಯನೈಡ್. ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ದ ಕೂಳೆಯ ಮರಿಚಿಗುರು ಬಹಳ ಅಪಾಯ. ಹೊಟ್ಟೆಯ ಬ್ಯಾಕ್ಟೀರಿಯಾಗಳೇ ಆ ಗಿಡದ ವಸ್ತುವನ್ನು ಒಡೆದು ಸಯನೈಡ್ ಬಿಡಿಸುತ್ತವೆ, ಅದಕ್ಕೇ ದನ, ಕುರಿ, ಮೇಕೆಗೆ ಇದು ಬೇಗ ಹತ್ತುತ್ತದೆ. ಇಲ್ಲಿ ಪತ್ತೆ ಮಾಡುತ್ತಾ ಕೂರುವ ಟೈಮಿಲ್ಲ, ನೇರ ಡಾಕ್ಟರ್.

ಗುಂಪಿನಲ್ಲಿ ಚೆನ್ನಾಗಿರುವ ಮರಿಯೇ ಸತ್ತರೆ

ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ಸತ್ತಿತ್ತು. ಅದೂ ಗುಂಪಿನಲ್ಲೇ ದಷ್ಟಪುಷ್ಟ ಮರಿ. ಯಾರದೋ ದೃಷ್ಟಿ ತಾಗಿತು ಅಂತಾರೆ. ಇದು ಹೆಚ್ಚಿನ ಪಾಲು ಕರುಳು ಬೇನೆ, ಡಾಕ್ಟರುಗಳು ಇ.ಟಿ. ಅನ್ನುತ್ತಾರೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಡಿ ವಿಧದ ಬ್ಯಾಕ್ಟೀರಿಯಾ ಅದರ ಕಾರಣ. ಅದು ಹೊರಗಿನಿಂದ ದಾಳಿ ಮಾಡಬೇಕಿಲ್ಲ, ಆರೋಗ್ಯವಾಗಿರುವ ಕುರಿಯ ಕರುಳಲ್ಲೂ ಅಷ್ಟಿಷ್ಟು ಇರುತ್ತದೆ. ಹೊಟ್ಟೆಬಾಕ ಮರಿ ಕಾಳನ್ನೋ ಮಳೆಗಾಲದ ಎಳೆ ಹುಲ್ಲನ್ನೋ ಹಾಲನ್ನೋ ಅತಿಯಾಗಿ ತಿಂದಾಗ ಜೀರ್ಣವಾಗದ ಪಿಷ್ಟ, ಸಕ್ಕರೆ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಈ ಬ್ಯಾಕ್ಟೀರಿಯಾ ತಡೆಯಿಲ್ಲದೆ ಬೆಳೆದು ವಿಷ ಬಿಡುತ್ತದೆ. ಜಾಸ್ತಿ ತಿಂದದ್ದೇ ಸಾಯುವುದು, ಅದಕ್ಕೇ ಒಳ್ಳೇ ಮರಿ ಹೋಗುತ್ತದೆ. ಕುರಿಯಲ್ಲಿ ಸಾವೇ ಮೊದಲ ಲಕ್ಷಣ. ಮೇಕೆಯಲ್ಲಿ ಭೇದಿ, ಹೊಟ್ಟೆನೋವಿನ ಅರಚಾಟ ಕಾಣಿಸಬಹುದು.

ಇದಕ್ಕೆ ಚಿಕಿತ್ಸೆ ಹುಡುಕುವುದು ದಂಡ, ಲಸಿಕೆ ಅಗ್ಗ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಹಾಕಿಸಿ. ಮೊದಲ ಸಲವಾದರೆ ಎರಡರಿಂದ ಮೂರು ವಾರ ಬಿಟ್ಟು ಇನ್ನೊಂದು ಡೋಸ್, ಆಮೇಲೆ ವರ್ಷಕ್ಕೊಂದು. ಆ ಎರಡನೇ ಡೋಸನ್ನೇ ಜನ ಮರೆಯುವುದು. ಲಸಿಕೆ ನಮ್ಮಲ್ಲೇ, ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತದೆ. ಗುಂಪಿನಲ್ಲಿ ಒಂದು ಸತ್ತಿದೆ ಅಂದರೆ ಉಳಿದವುಕ್ಕೆ ಅವತ್ತೇ ಕಾಳು ನಿಲ್ಲಿಸಿ ಒಣ ಮೇವಿಗೆ ಹಾಕಿ.

ಹೊಟ್ಟೆಯದ್ದೇ ಅನಿಸುತ್ತದೆ, ಆದರೆ ಅಲ್ಲ

ಕೆಳ ರೆಪ್ಪೆ ಎಳೆದು ನೋಡಿ. ಕೆಂಪಿದ್ದರೆ ಸರಿ, ಸುಣ್ಣದ ಹಾಗೆ ಬಿಳಿಚಿದ್ದರೆ ರಕ್ತ ಹೀರುವ ಜಂತು, ಹೀಮಾಂಕಸ್. ಗದ್ದದ ಕೆಳಗೆ ನೀರು ತುಂಬಿದ ಚೀಲ ಜೋತಿದ್ದರೂ ಅದರದ್ದೇ ಅನುಮಾನ. ಈ ಜಂತಿನಲ್ಲಿ ಸಾಮಾನ್ಯವಾಗಿ ಭೇದಿ ಇರಲ್ಲ, ಭೇದಿ ಇಲ್ಲ ಅಂತ ಜಂತು ಇಲ್ಲ ಅನ್ನಬೇಡಿ. ಒಂದರಿಂದ ಐದು ತಿಂಗಳ ಮರಿ ರಕ್ತ ಬೆರೆತ ಭೇದಿ ಮಾಡಿದರೆ ಕಾಕ್ಸಿಡಿಯಾ, ಅಂದರೆ ಕರುಳಿಗೆ ಹತ್ತುವ ಏಕಕೋಶ ಪರಾವಲಂಬಿ, ಇರಬಹುದು. ಎರಡಕ್ಕೂ ಹಿಕ್ಕೆ ಪರೀಕ್ಷೆ ಮಾಡಿಸಿ, ಹತ್ತಿರದ ಪಶು ಆಸ್ಪತ್ರೆಯಲ್ಲೇ ಆಗುವ ಕೆಲಸ.

ಮತ್ತೆ ಬ್ಯಾಕ್ಟೀರಿಯಾ ತುಂಬುವುದು

ಹುಳಿ ಇಳಿದಿದೆ, ಜೀವ ಉಳಿದಿದೆ, ಆದರೂ ಮೇವು ಮುಟ್ಟುತ್ತಿಲ್ಲ, ಮೆಲುಕಿಲ್ಲ. ಹೊಟ್ಟೆ ಖಾಲಿ ಊರಾಗಿದೆ. ಮತ್ತೆ ಜನ ಬರಬೇಕು. ಇದಕ್ಕೆ ಹಳೇ ಕುರಿಗಾಹಿಗಳ ಉಪಾಯವೇ ಈಗಲೂ ಉತ್ತಮ: ಚೆನ್ನಾಗಿರುವ ಕುರಿ ಮೆಲುಕು ಹಾಕುವಾಗ ಬಾಯಿಗೆ ಕೈ ಹಾಕಿ ಆ ಉಂಡೆ ಕಿತ್ತು ಕಾಯಿಲೆ ಕುರಿಯ ಬಾಯಿಗೆ ತುರುಕುವುದು. ಡಾಕ್ಟರುಗಳು ಇದನ್ನೇ ದೊಡ್ಡದಾಗಿ ಮಾಡುತ್ತಾರೆ, ಆರೋಗ್ಯವಾಗಿರುವ ಪ್ರಾಣಿಯ ಹೊಟ್ಟೆಯ ರಸ ತೆಗೆದು ಬಟ್ಟೆಯಲ್ಲಿ ಸೋಸಿ ಅರ್ಧದಿಂದ ಒಂದು ಲೀಟರ್ ಕೊಡುತ್ತಾರೆ.

ಕೆಲಸ ಮಾಡಬೇಕಾದರೆ ಮೂರು ಮಾತು ನೆನಪಿರಲಿ. ಹುಳಿ ಸರಿಹೋದ ಮೇಲೆಯೇ ಕೊಡಬೇಕು, ಇಲ್ಲದಿದ್ದರೆ ಹೊಸದಾಗಿ ಬಂದವೂ ಸಾಯುತ್ತವೆ. ರಸ ಬೆಚ್ಚಗೇ ಇರಬೇಕು, ಗಾಳಿ ಆಡಬಾರದು: ಇವಕ್ಕೆ ಆಮ್ಲಜನಕವೇ ವಿಷ. ಬಿಸಿನೀರಿನಿಂದ ಬೆಚ್ಚಗೆ ಮಾಡಿಕೊಂಡ ಫ್ಲಾಸ್ಕಿನಲ್ಲಿ ಕಂಠಪೂರ್ತಿ ತುಂಬಿ ಮುಚ್ಚಿ ತಂದು ಬೇಗ ಕುಡಿಸಬೇಕು. ಮೂರನೆಯದು, ಕೊಡುವ ಪ್ರಾಣಿ ನಿಮ್ಮದೇ ಹಿಂಡಿನದು, ಅದೇ ಮೇವು ತಿನ್ನುವಂಥದ್ದು ಆಗಿರಬೇಕು. ಕಸಾಯಿಖಾನೆಯಿಂದ ತಂದರೂ ಆಗುತ್ತದೆ, ಆದರೆ ಆ ಪ್ರಾಣಿಗೆ ಏನು ಕಾಯಿಲೆಯಿತ್ತೋ ಅದೂ ಜೊತೆಗೆ ಬರಬಹುದು, ಹಾಗಾಗಿ ನನಗೆ ಅದು ಕೊನೆಯ ಆಯ್ಕೆ.

ಅಂಗಡಿಯ ಈಸ್ಟ್ ಪುಡಿ, ಪ್ರೋಬಯಾಟಿಕ್ ಪೊಟ್ಟಣ? ಸ್ವಲ್ಪ ಸಹಾಯವಾಗುತ್ತದೆ, ಮುಖ್ಯವಾಗಿ ಚೇತರಿಸಿಕೊಳ್ಳುವಾಗ. ಆದರೆ ಮೇವು ಸರಿ ಮಾಡದೆ ಪೊಟ್ಟಣ ಸುರಿಯುವುದು ದುಡ್ಡು ದಂಡ. ಅದರಲ್ಲಿರುವುದು ಒಂದೆರಡು ಜಾತಿ, ಹೊಟ್ಟೆಯಲ್ಲಿ ಇರಬೇಕಾದದ್ದು ನೂರಾರು.

ಚೇತರಿಸಿಕೊಂಡ ಪ್ರಾಣಿಗೆ ಮೊದಲ ಕೆಲವು ದಿನ ಒಣ ಹುಲ್ಲು, ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಶುದ್ಧ ನೀರು, ಅಷ್ಟೇ. ಕಾಳು ಶುರು ಮಾಡುವುದಾದರೆ 50 ಗ್ರಾಂನಿಂದ. ಮೂರು ನಾಲ್ಕು ದಿನಕ್ಕೊಮ್ಮೆ ಇನ್ನೊಂದು 50 ಗ್ರಾಂ. ದಿನದ ಪಾಲನ್ನು ಎರಡು ಮೂರು ಹೊತ್ತಿಗೆ ಹಂಚಿ, ಯಾವಾಗಲೂ ಮೊದಲು ಹುಲ್ಲು, ಆಮೇಲೆ ಕಾಳು. ಬಕ್ರೀದ್ ಟಗರಿಗೂ ಇದೇ ಲೆಕ್ಕ. ಹಬ್ಬಕ್ಕೆ ತಿಂಗಳಿದೆ ಅನ್ನುವಾಗ ಶುರು ಮಾಡಿ ವಾರದಲ್ಲಿ ಒಂದು ಕೆಜಿಗೆ ಏರಿಸುವವರು ಹಬ್ಬಕ್ಕೆ ಮುಂಚೆಯೇ ಟಗರು ಕಳೆದುಕೊಳ್ಳುತ್ತಾರೆ. ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟಬಾರದು.

ಹಾಲು ಕುಡಿಯುವ ಮರಿಗಳ ಲೆಕ್ಕ ಬೇರೆ. ಅವು ಹುಟ್ಟಿದಾಗ ಈ ಹೊಟ್ಟೆ ಕೆಲಸವೇ ಮಾಡುತ್ತಿರಲ್ಲ, ಹಾಲು ಅದನ್ನು ದಾಟಿ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ತಾಯಿ ನೆಕ್ಕುವುದರಿಂದ, ತಾಯಿ ಬಾಯಿ ಹಾಕಿದ ಹುಲ್ಲು ಕಚ್ಚುವುದರಿಂದ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತಾ ಆರೆಂಟು ವಾರದಲ್ಲಿ ಹೊಟ್ಟೆ ತಯಾರಾಗುತ್ತದೆ. ಮರಿಯನ್ನು ಹುಟ್ಟಿದ ದಿನದಿಂದ ಬೇರೆ ಕಟ್ಟಿ ಬಾಟಲಿ ಹಾಲಿನಲ್ಲೇ ಬೆಳೆಸಿ, ಎರಡು ತಿಂಗಳಿಗೆ ಒಮ್ಮೆಲೇ ಹಾಲು ಬಿಡಿಸಿದರೆ ಹೊಟ್ಟೆ ಜೋತುಬಿದ್ದು ಬೆನ್ನು ಮೂಳೆ ಎದ್ದುಬಿಡುತ್ತದೆ. ಎರಡನೇ ವಾರದಿಂದಲೇ ದೊಡ್ಡವು ತಿನ್ನುವ ಒಳ್ಳೇ ಹುಲ್ಲು ಒಂದು ಹಿಡಿ ಮುಂದೆ ನೇತುಹಾಕಿ, ಆಟಕ್ಕೆ ಕಚ್ಚಲಿ.

ಸತ್ತಿದ್ದರೆ

ಸತ್ತ ಪ್ರಾಣಿಯಿಂದಲೂ ಉಳಿದವುಗಳಿಗೆ ಉತ್ತರ ಸಿಗುತ್ತದೆ, ಆದರೆ ಬೇಗ ಆಗಬೇಕು. ಪ್ರಾಣಿ ಸತ್ತ ಮೇಲೂ ಹೊಟ್ಟೆಯ ಬ್ಯಾಕ್ಟೀರಿಯಾ ಗಾಳಿ ಮಾಡುತ್ತಲೇ ಇರುತ್ತವೆ, ಬಿಸಿಲಲ್ಲಿ ಕೆಲವೇ ಗಂಟೆಯಲ್ಲಿ ಹೊಟ್ಟೆ ಊದುತ್ತದೆ, ಆಮೇಲೆ ಅದು ಉಬ್ಬರದಿಂದ ಸತ್ತಿದ್ದೋ ಸತ್ತ ಮೇಲೆ ಉಬ್ಬಿದ್ದೋ ಅಂತ ಹೇಳುವುದು ಕಷ್ಟ. ನೆರಳಿಗೆ ಎಳೆದು ಹಾಕಿ, ಸತ್ತ ಹೊತ್ತು, ಕೊನೆಗೆ ತಿಂದದ್ದು ಬರೆದಿಟ್ಟು ಡಾಕ್ಟರಿಗೆ ಹೇಳಿ. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯೊಳಗಿನ ಕಾಳು, ಮೆದುವಾದ ಮೂತ್ರಪಿಂಡ, ಕರುಳಿನ ಬಣ್ಣ ನೋಡುತ್ತಾರೆ, ಕರುಳಿನ ತುಂಡನ್ನು ಲ್ಯಾಬಿಗೆ ಕಳಿಸುತ್ತಾರೆ.

ಆದರೆ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಚಾಕು ಮುಟ್ಟಲೇಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಹೆಣ ತೆರೆದರೆ ಅದರ ಬೀಜಕಣಗಳು ಆ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ, ಮನುಷ್ಯರಿಗೂ ಬರುತ್ತದೆ. ನಾಯಿ, ಕಾಗೆ ಬರದ ಹಾಗೆ ಕಾಯಿರಿ. ಡಾಕ್ಟರ್ ಬಂದು ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ನೋಡುವ ತನಕ ಹೆಣ ಅಲ್ಲೇ ಇರಲಿ.